ಸೀಟಿನ ಕೆಳಗಿನ ವೈರು

ಅವಳನ್ನು ಗಂಡ ಕಡ್ಡಿ ಅಂತ ಕರೆಯುತ್ತಿದ್ದ. ಹೆಸರು ತಪ್ಪಿರಲಿಲ್ಲ. ಎಷ್ಟು ಉಂಡರೂ ಮೈಗೆ ಹತ್ತದ ಹೆಂಗಸು. ಸ್ಕೂಲು ಬೇಗ ಬಿಟ್ಟಳು, ಕೆಲಸ ಯಾವುದನ್ನೂ ಬಿಡಲಿಲ್ಲ. ಮದುವೆಯಾಗಿ ಬಂದವಳು ತರಕಾರಿ ತೋಟದಲ್ಲಿ ಕಳೆ ಕಿತ್ತಳು, ಬುಟ್ಟಿ ಹೊತ್ತಳು. ಮನೆಗೆ ಚಿಕ್ಕ ಟ್ರ್ಯಾಕ್ಟರ್ ಬಂದಾಗ ಅದನ್ನೂ ಕಲಿತಳು. ಸಾಲುಗಳ ನಡುವೆ ನುಗ್ಗಿ ಹೋಗುವಷ್ಟು ಪುಟ್ಟ ಗಾಡಿ. ಅವಳು ಓಡಿಸುವಾಗ ಗಂಡ ಬದುವಿನ ಮೇಲೆ ನಿಂತು, "ಅಯ್ಯೋ, ಟ್ರ್ಯಾಕ್ಟರ್ ತಾನೇ ಹೋಗ್ತಿದೆ, ಮೇಲೆ ಯಾರೂ ಇಲ್ಲ!" ಅಂತ ಕೂಗಿ ನಗುತ್ತಿದ್ದ.

ಆ ಗಾಡಿಗೆ ಒಂದು ಗುಣವಿತ್ತು. ಸೀಟಿನ ಕೆಳಗೆ ಒಂದು ಸ್ವಿಚ್ಚು. ಮೇಲೆ ಆಳು ಕೂತಿದ್ದರೆ ಮಾತ್ರ ಎಂಜಿನ್ ಓಡುತ್ತದೆ, ಎದ್ದರೆ ನಿಂತುಹೋಗುತ್ತದೆ. ಆಳಿನ ಜೀವ ಕಾಯಲಿಕ್ಕೆ ಮಾಡಿದ್ದು. ಮೆಕ್ಯಾನಿಕ್ ಗ್ರೀಸಣ್ಣ ಆ ಸ್ವಿಚ್ಚನ್ನು ಬಿಚ್ಚಿ, ಎರಡು ತುದಿಗೂ ನೇರ ಒಂದು ವೈರು ಕೊಟ್ಟಿದ್ದ. ಆಮೇಲೆ ಯಾರು ಕೂತರೂ, ಕೂರದಿದ್ದರೂ ಎಂಜಿನ್ ಓಡುತ್ತಿತ್ತು. ಒಂದು ದಿನ ಹಿಂದಿನ ರೋಟರಿಗೆ, ಅಂದರೆ ಮಣ್ಣು ಕೊಚ್ಚುವ ಬ್ಲೇಡುಗಳಿಗೆ, ಬಳ್ಳಿ ಸುತ್ತಿಕೊಂಡಿತು. ಗಂಡ ಎಂಜಿನ್ ಆರಿಸದೆ ಇಳಿದ. ಕೈ ಹಾಕಿದ. ಅಷ್ಟೇ.

ಅತ್ತೆ ಹೆಣದ ಮುಂದೆ ಕೂತು ಗ್ರೀಸಣ್ಣನನ್ನು ಬೈದಳು. ನೆಂಟರ ಮುಂದೆ ಬೈದಳು. "ನನ್ನ ಮಗನ್ನ ಒಂದು ಮೊಳ ವೈರಿನಲ್ಲಿ ಕೊಂದ" ಅಂದಳು. ಕೇಳಿದವರು ಅವನ ಅಂಗಡಿಗೆ ಗಾಡಿ ಬಿಡುವುದನ್ನು ನಿಲ್ಲಿಸಿದರು.

ಆದರೆ ವೈರು ಹಾಕಿಸಿದ್ದು ಕಡ್ಡಿ. ಅವಳು ಕೂತರೆ ಸೀಟು ಪೂರ್ತಿ ಕುಗ್ಗುತ್ತಿರಲಿಲ್ಲ. ಮಣ್ಣಿನ ಹೆಂಟೆ ಸಿಕ್ಕಿದ ಕಡೆಯೆಲ್ಲ ಎಂಜಿನ್ ಕೆಮ್ಮಿ ನಿಲ್ಲುತ್ತಿತ್ತು. "ನಾನೇನು ಸೊಂಟಕ್ಕೆ ಗುಂಡುಕಲ್ಲು ಕಟ್ಟಿಕೊಂಡು ಕೂರಲಾ? ಇದಕ್ಕೊಂದು ದಾರಿ ಮಾಡಿಸು, ಇಲ್ಲಾಂದ್ರೆ ನೀನೇ ಓಡಿಸ್ಕೋ" ಅಂತ ಗಂಡನ ತಲೆ ತಿಂದಿದ್ದಳು. ಗ್ರೀಸಣ್ಣ ಬಂದಾಗ ಗಂಡ ಅವಳ ಮುಂದೆಯೇ ಹೇಳಿದ್ದ: "ನಂಗೇನೂ ತೊಂದ್ರೆ ಇಲ್ಲಪ್ಪ, ಇವಳ ಕಾಟ."

ಅತ್ತೆ ಬೈಯುವಾಗ ಕಡ್ಡಿ ಸುಮ್ಮನಿದ್ದಳು. ಗ್ರೀಸಣ್ಣನೂ ಸುಮ್ಮನಿದ್ದ. ನಿಮ್ಮ ಸೊಸೆಯೇ ಮಾಡಿಸಿದ್ದು ಅಂತ ಒಂದು ಮಾತು ಅವನ ಬಾಯಿಂದ ಬರಲಿಲ್ಲ. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಎಮ್ಮೆ ಬರೆ ಹಾಕಿಸಿಕೊಂಡು ನಿಂತಿತ್ತು. ಅವಳಿಗೆ ಅದು ಬಾಯೊಳಗಿನ ಬಿಸಿತುಪ್ಪ. ಉಗುಳಲಿಲ್ಲ, ನುಂಗಲಿಲ್ಲ.

ಈಗ ಮಣ್ಣು ಹದಕ್ಕೆ ಬಂದಿತ್ತು. ಸಸಿ ನೆಡಬೇಕು. ದೊಡ್ಡ ಟ್ರ್ಯಾಕ್ಟರ್ ಆ ಸಾಲುಗಳಲ್ಲಿ ತೂರುವುದಿಲ್ಲ. ಕಡ್ಡಿ ಶೆಡ್ಡಿಗೆ ಹೋಗಿ ಕೀಲಿ ತಿರುಗಿಸಿದಳು. ದೀಪ ಹತ್ತಿತು, ಎಂಜಿನ್ ಉಸಿರೆತ್ತಲಿಲ್ಲ. ಬೇರೆ ಮೆಕ್ಯಾನಿಕ್ ಬಂದು ನೋಡಿ, ಮಾರಿಬಿಡಿ ಅಂದು ಹೋದ. ಕೊನೆಗೆ, ಅತ್ತೆ ಊಟ ಮಾಡಿ ಮಲಗಿದ ಹೊತ್ತು ನೋಡಿ, ಅವಳು ಗ್ರೀಸಣ್ಣನಿಗೆ ಫೋನ್ ಮಾಡಿದಳು.

ಅವನು ಹಿತ್ತಲ ಕಡೆಯಿಂದ ಬಂದ. ತೆಳ್ಳಗಾಗಿದ್ದ.

"ಹೇಗಿದೀರಿ ಅತ್ತಿಗೆ?"

"ಇದೀನಿ. ಗಾಡಿ ನೋಡಿ."

ಅವನು ಬ್ಯಾಟರಿ ಮುಚ್ಚಳ ತೆಗೆದ. ತುದಿಗಳಿಗೆ ಬಿಳಿ ಪುಡಿ ಕಟ್ಟಿತ್ತು. ಬಿಸಿನೀರು ಹಾಕಿ ಉಜ್ಜಿದ. ಕೀಲಿ ತಿರುಗಿಸಿದ. ಇಲ್ಲ. ಫ್ಯೂಸ್ ತೆಗೆದು ಬೆಳಕಿಗೆ ಹಿಡಿದ. ಚೆನ್ನಾಗಿತ್ತು. ಗೇರು ನ್ಯೂಟ್ರಲ್ಲಿಗೆ ತಂದ, ರೋಟರಿಯ ಲಿವರ್ ಬಿಡಿಸಿದ, ಕ್ಲಚ್ಚು ಒತ್ತಿ ನೋಡಿದ. ಇಲ್ಲ. ಸ್ಟಾರ್ಟರಿಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸಿದ. ಅದು ಗರ್ರ್ ಅಂತ ತಿರುಗಿತು.

"ಸ್ಟಾರ್ಟರ್ ಸರಿಯಾಗಿದೆ" ಅಂದ. "ಕೀಲಿಯಿಂದ ಇಲ್ಲಿಗೆ ಕರೆಂಟ್ ಬರ್ತಿಲ್ಲ. ಮಧ್ಯೆ ಎಲ್ಲೋ ಕಟ್ಟಾಗಿದೆ." ಅಂದವನು ಮತ್ತೆ ಬ್ಯಾಟರಿ ಕಡೆಗೇ ಹೋದ. ಉಜ್ಜಿದ್ದನ್ನೇ ಉಜ್ಜತೊಡಗಿದ.

ಕಡ್ಡಿ ನೋಡುತ್ತಿದ್ದಳು. ಗಾಡಿಯ ಸುತ್ತ ಅವನ ಕೈ ಹೋಗದ ಜಾಗವಿಲ್ಲ, ಒಂದು ಬಿಟ್ಟು.

"ಸೀಟಿನ ಕೆಳಗೆ ನೋಡಿಲ್ಲ ನೀವು."

ಅವನು ಚಿಂದಿಬಟ್ಟೆ ಹಿಡಿದು ನಿಂತೇ ಇದ್ದ. ಅವಳೇ ಸೀಟು ಎತ್ತಿದಳು. ಇಲಿ ಕಡಿದು ವೈರು ಎರಡು ತುಂಡಾಗಿತ್ತು.

"ಇನ್ನೊಂದು ವೈರು ಕೊಡಲಾ?" ಅಂತ ಕೇಳಿ, ಕೇಳಿದ್ದಕ್ಕೇ ಮುಖ ಸಣ್ಣ ಮಾಡಿಕೊಂಡ.

"ಬೇಡ. ಸ್ವಿಚ್ಚೇ ಹಾಕಿ."

"ನಿಮ್ಮ ಭಾರಕ್ಕೆ ಅದು ಕೂರಲ್ವಲ್ಲ ಅತ್ತಿಗೆ."

"ಹಾಕಿ ಅಂದೆ."

ಅವತ್ತು ಬಿಚ್ಚಿದ್ದು ಅವನ ಟೂಲ್ ಡಬ್ಬಿಯಲ್ಲೇ ಇತ್ತು, ಹಾಕಿದ. ಅವಳು ಕೂತಳು. ಕೀಲಿ ತಿರುಗಿಸಿದಳು. ಸುದ್ದಿಯಿಲ್ಲ. ಅವನು ಸೀಟಿನ ಅಂಚು ಹಿಡಿದು ಕೆಳಕ್ಕೆ ಅದುಮಿದ. ಎಂಜಿನ್ ಹೊತ್ತಿಕೊಂಡಿತು. ಕೈ ಬಿಟ್ಟ, ಆರಿತು. ಅವನು ಮೊಣಕಾಲೂರಿ ಸೀಟಿನ ಅಡಿಗೆ ತಲೆ ಹಾಕಿದ. ಸ್ಪ್ರಿಂಗಿನ ಪಕ್ಕದ ಒಣಗಿದ ಕೆಸರನ್ನು ಉಗುರಿನಿಂದ ಕೆರೆದ. ಕೆಸರಿನ ಒಳಗೆ ಒಂದು ಗುಂಡು ತಿರುಪು ಇತ್ತು. ಎಣ್ಣೆ ಬಿಟ್ಟು ತಿರುಗಿಸಿದ. ಸ್ಪ್ರಿಂಗು ಸಡಿಲವಾಯಿತು, ಸೀಟು ಅವಳ ಕೆಳಗೆ ಮೆತ್ತಗೆ ಇಳಿಯಿತು.

"ಈಗ ತಿರುಗಿಸಿ."

ಎಂಜಿನ್ ಹೊತ್ತಿಕೊಂಡಿತು. ಅವಳು ಬೇಕಂತಲೇ ಕುಲುಕಾಡಿದಳು. ನಿಲ್ಲಲಿಲ್ಲ. ಎದ್ದಳು. ನಿಂತಿತು.

"ಅದೇನು ತಿರುಗಿಸಿದ್ದು?"

ಅವನು ನೆಲದಿಂದ ಮೇಲೇಳಲಿಲ್ಲ. "ಭಾರದ ತಿರುಪು. ದಪ್ಪ ಆಳಿಗೆ ಬಿಗಿ ಮಾಡೋದು, ತೆಳ್ಳಗಿನವರಿಗೆ ಸಡಿಲ ಮಾಡೋದು. ಅಣ್ಣನ ಮೈಗೆ ಬಿಗಿ ಮಾಡಿತ್ತು."

"ಅವತ್ತೂ ಇತ್ತಾ?"

"ಇತ್ತು. ನಾನು ಕೆಸರು ಕೆರೀಲಿಲ್ಲ. ವೈರು ಕೈಯಲ್ಲೇ ಇತ್ತು."

ಅವಳು ಗಾಡಿಯಿಂದ ಇಳಿದಳು. ಚಕ್ರಕ್ಕೆ ಒರಗಿ ಕೂತಳು. ಅವಸರ ಅವಳದು. ಗ್ರೀಸಣ್ಣ ಅವತ್ತು ಇನ್ನೊಂದು ಸಲ ನೋಡ್ತೀನಿ ಅಂದಿದ್ದ, ಮಣ್ಣು ಒಣಗ್ತಿದೆ, ಬೇಗ ಏನಾದ್ರೂ ಮಾಡಿ ಅಂದವಳು ಅವಳು.

ಎಂಜಿನ್ ಸದ್ದಿಗೆ ಅತ್ತೆ ಎದ್ದು ಬಂದಿದ್ದಳು. ಶೆಡ್ಡಿನ ಬಾಗಿಲಲ್ಲಿ ನಿಂತು ಗ್ರೀಸಣ್ಣನನ್ನು ಕಂಡಳು.

"ನಾಚಿಕೆ ಇದೆಯೇನೋ? ಒಬ್ಬನ್ನ ಕಳಿಸಿದ್ದು ಸಾಲದು ಅಂತ ಇವಳನ್ನೂ ಕಳಿಸೋಕೆ ಬಂದ್ಯಾ?"

"ಅತ್ತೆ, ಅವರನ್ನ ಬೈಬೇಡಿ" ಅಂದಳು ಕಡ್ಡಿ. "ವೈರು ಹಾಕಿಸಿದ್ದು ನಾನು. ನಿಮ್ಮ ಮಗ ಅಲ್ಲ, ಇವರೂ ಅಲ್ಲ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ನಂಗೆ ಗೊತ್ತು."

"ಗೊತ್ತಾ?"

"ನೀವಿಬ್ಬರೂ ಅಂಗಳದಲ್ಲಿ ಅಷ್ಟು ಜಗಳ ಆಡಿದ್ರಿ. ನಾನೇನು ಕಿವುಡಿನಾ? ಯಾರನ್ನಾದ್ರೂ ಬೈಬೇಕಿತ್ತು ಕಣೇ. ನಿನ್ನ ಬೈದು ಸಂಜೆ ಯಾರ ಜೊತೆ ಕೂತು ಉಣ್ಣಲಿ? ಇವನಾದ್ರೆ ಹೊರಗಿನವನು. ತಡ್ಕೋತಾನೆ ಅಂದ್ಕೊಂಡೆ."

ಗ್ರೀಸಣ್ಣ ತಿರುಪಿನ ವಿಷಯ ಅವಳಿಗೂ ಹೇಳಿದ. ಮುಚ್ಚಿಡಲಿಲ್ಲ. ಮುದುಕಿ ಬಗ್ಗಿ ಅದನ್ನು ಬೆರಳಿನಿಂದ ಮುಟ್ಟಿದಳು.

"ಇಷ್ಟೇನಾ?"

"ಇಷ್ಟೇ ಅಮ್ಮ."

"ನಿಂಗೆ ಹೊಳೀಲಿಲ್ಲ. ಇವಳಿಗೆ ಪುರುಸೊತ್ತಿರಲಿಲ್ಲ. ನನ್ನ ಮಗನಿಗೆ ಎಂಜಿನ್ ಆರಿಸೋಕೆ ಸೋಮಾರಿತನ." ಅವಳು ಕಡ್ಡಿಯ ಕಡೆ ತಿರುಗಿದಳು. "ಮಣ್ಣು ಒಣಗ್ತಿದೆ. ಎದ್ದೇಳು."

ಹೇಳಿದರೆ ಎದೆ ಹಗುರಾಗುತ್ತದೆ ಅಂದುಕೊಂಡಿದ್ದಳು ಕಡ್ಡಿ. ಆಗಲಿಲ್ಲ. ಅತ್ತೆ ಬೈದಿದ್ದರೆ ಆಗುತ್ತಿತ್ತೇನೋ.

ಅವಳು ಗಾಡಿಯನ್ನು ತೋಟಕ್ಕೆ ಇಳಿಸಿದಳು. ಒಂದು ಕಡೆ ಕಲ್ಲು ಎತ್ತಿ ಹಾಕಲು ಇಳಿದಳು, ಎಂಜಿನ್ ನಿಂತಿತು. ಹತ್ತಿದಳು, ಹೊತ್ತಿಸಿದಳು. ಇನ್ನೊಂದು ಕಡೆ ನೀರಿನ ಪೈಪು ಸರಿಸಲು ಇಳಿದಳು, ಮತ್ತೆ ನಿಂತಿತು. ಮತ್ತೆ ಹತ್ತಿದಳು. ಬೆಳಕು ಹೋಗುವವರೆಗೂ ಇಳಿದಳು, ಹತ್ತಿದಳು. ಒಂದು ಸಲವೂ ಗೊಣಗಲಿಲ್ಲ.