ಲೊರೇನ್‌ಗೆ ಮಾತು ಹೇಳಿಕೊಟ್ಟವಳು

ಅನಸೂಯ ಶಿಕಾಗೋದ ಪಶ್ಚಿಮಕ್ಕಿರುವ ಊರೊಂದರ ಡಿನ್ನರ್ ಥಿಯೇಟರಿನಲ್ಲಿ ಹೊಲಿಗೆ ಕೆಲಸಕ್ಕೆ ಸೇರಿದ್ದು ೧೯೭೧ರಲ್ಲಿ. ಜನ ಊಟ ಮಾಡುತ್ತಾ ನಾಟಕ ನೋಡುವ ಜಾಗ ಅದು. ಹಾಲಿವುಡ್ಡಿನಲ್ಲಿ ಒಂದು ಕಾಲಕ್ಕೆ ಮೆರೆದು, ಈಗ ಅಲ್ಲಿ ಕೇಳುವವರಿಲ್ಲದ ನಟನಟಿಯರು ಬಂದು ಆರು ವಾರ ಆಡಿ ಹೋಗುತ್ತಿದ್ದರು. ಅವರ ಉಡುಪುಗಳ ಹೊಲಿಗೆ ಬಿಚ್ಚಿ ಸೊಂಟ ಸಡಿಲ ಮಾಡಿಕೊಡುವುದೇ ಅನಸೂಯಳ ಮುಖ್ಯ ಕೆಲಸ. ಗಂಡ ಶೇಷಾದ್ರಿ ಇಂಜಿನಿಯರ್. ಎರಡು ವರ್ಷದ ಮಗಳು ಮಂಜರಿಯನ್ನು ಪಕ್ಕದ ಮನೆಯ ಪದ್ಮ ನೋಡಿಕೊಳ್ಳುತ್ತಿದ್ದಳು.

ಮರುವರ್ಷ ಮಾರ್ಚ್‌ನಲ್ಲಿ ಲೊರೇನ್ ವಿಟ್‌ಫೀಲ್ಡ್ ಬಂದಳು. ಅರವತ್ತರ ಹತ್ತಿರದ ವಯಸ್ಸು, ನೆಟ್ಟಗಿನ ಬೆನ್ನು. ಅವಳು ಸಿನಿಮಾ ಮಾಡಿ ಹದಿನಾಲ್ಕು ವರ್ಷವಾಗಿತ್ತು. ಮೊದಲ ಬುಧವಾರದ ಮಧ್ಯಾಹ್ನದ ಆಟ. ಎರಡನೇ ಅಂಕದಲ್ಲಿ ಅವಳು ಕಿಟಕಿಯ ಬಳಿ ಬಂದು ನಿಂತವಳು ಮಾತು ಮರೆತು ನಿಂತೇಬಿಟ್ಟಳು. ಪರದೆಯ ಮರೆಯಲ್ಲಿ ಸೂಜಿ ದಾರ ಹಿಡಿದಿದ್ದ ಅನಸೂಯಳಿಗೆ ಅದು ಒಂದು ಕ್ಷಣ ಮೊದಲೇ ತಿಳಿದಿತ್ತು. ಅವಳ ತಂದೆ ದ್ವಾರಕಾನಾಥರು ಮೈಸೂರಿನ ಹವ್ಯಾಸಿ ತಂಡವೊಂದಕ್ಕೆ ಇಪ್ಪತ್ತು ವರ್ಷ ಮರೆಯಿಂದ ಮಾತು ಹೇಳಿಕೊಡುವ ಪ್ರಾಂಪ್ಟರ್ ಆಗಿದ್ದವರು. ಪಕ್ಕದಲ್ಲಿ ಕೂತ ಮಗಳಿಗೆ, "ಮರೆತ ಮೇಲೆ ಹೇಳಿ ಏನ್ ಬಂತಮ್ಮ? ಮರೆಯೋಕ್ ಮುಂಚೆ ಹೇಳ್ಬೇಕು. ಅವರ ಉಸಿರು ನೋಡ್ತಾ ಇರು," ಎನ್ನುತ್ತಿದ್ದರು. ವಾರವಿಡೀ ತಾಲೀಮು ಕೇಳಿದ್ದ ಅನಸೂಯ ಮೆಲ್ಲಗೆ ಎರಡು ಪದ ಹೇಳಿದಳು. ಲೊರೇನ್ ಕತ್ತು ಕೂಡ ತಿರುಗಿಸದೆ ಅದನ್ನು ಎತ್ತಿಕೊಂಡು ಮುಂದುವರಿಸಿದಳು.

ಆಟ ಮುಗಿದ ಮೇಲೆ ಉಡುಪಿನ ಕೋಣೆಗೆ ಬಂದು ಬಾಗಿಲು ಹಾಕಿದಳು. "ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ."

"ಹೇಳ್ಬೇಡ. ನಾಳೇನೂ ಅಲ್ಲೇ ನಿಂತಿರು."

ಅಂದಿನಿಂದ ಆರು ವಾರವೂ ಅನಸೂಯ ಆ ಪರದೆಯ ಹಿಂದೆ ನಿಂತಳು. ಮಧ್ಯಾಹ್ನ ಇಬ್ಬರೂ ಕೂತು ಮಾತು ಒಪ್ಪಿಸುತ್ತಿದ್ದರು. ವಿಚಿತ್ರವೆಂದರೆ ಮೂವತ್ತು ವರ್ಷದ ಹಿಂದಿನ ಸಿನಿಮಾಗಳ ಸಂಭಾಷಣೆ ಲೊರೇನ್‌ಗೆ ಅಕ್ಷರ ಬಿಡದೆ ಬರುತ್ತಿತ್ತು; ಬೆಳಿಗ್ಗೆ ಓದಿದ್ದು ಮಾತ್ರ ಸಂಜೆಗೆ ನಿಲ್ಲುತ್ತಿರಲಿಲ್ಲ. ವೇದಿಕೆಯ ಮೇಲೆ ಮಾತ್ರ ಅವಳು ಕೈಯಲ್ಲೊಂದು ಖಾಲಿ ಕಪ್ಪು ಹಿಡಿದರೂ ಜನ ಚಮಚ ಕೆಳಗಿಟ್ಟು ನೋಡುತ್ತಿದ್ದರು.

ಹಾಗೆ ನೋಡಿದವರಲ್ಲಿ ಒಬ್ಬ ಯುವ ನಿರ್ದೇಶಕನೂ ಇದ್ದ. ೧೯೭೩ರಲ್ಲಿ ಶಿಕಾಗೋದಲ್ಲೇ ತೆಗೆದ ತನ್ನ ಚಿತ್ರದಲ್ಲಿ ಅವಳಿಗೆ ತಾಯಿಯ ಪಾತ್ರ ಕೊಟ್ಟ. ಹನ್ನೊಂದು ದಿನದ ಕೆಲಸ. ಉಡುಪು ನೋಡಿಕೊಳ್ಳುವವಳೆಂದು ಹೇಳಿ ಲೊರೇನ್ ಅನಸೂಯಳನ್ನು ಜೊತೆಗೆ ಕರೆದೊಯ್ದಳು. ಅಡುಗೆಮನೆಯ ದೃಶ್ಯಕ್ಕೆ ಮಾತು ಹೇಳಿಕೊಡಲು ಅನಸೂಯ ರೆಫ್ರಿಜರೇಟರಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತಿದ್ದಳು. ಚಿತ್ರ ಬಂದಾಗ ಪತ್ರಿಕೆಗಳು ಲೊರೇನ್ ವಿಟ್‌ಫೀಲ್ಡ್ ಮರಳಿ ಬಂದಳು ಎಂದು ಬರೆದವು. ಹಾಲಿವುಡ್ಡಿನಿಂದ ದೊಡ್ಡ ಪಾತ್ರವೇ ಬಂತು.

"ಮೂರು ತಿಂಗಳು, ಆನಾ," ಎಂದಳು ಲೊರೇನ್ ಫೋನಿನಲ್ಲಿ. "ನೀನು ಬರಲೇಬೇಕು."

ಅಷ್ಟರಲ್ಲಿ ಶೇಷಾದ್ರಿಗೆ ಮಿಷಿಗನ್ನಿನ ಸ್ಟರ್ಲಿಂಗ್ ಹೈಟ್ಸ್‌ನ ಕಾರಿನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಮನೆ ತುಂಬ ಪೆಟ್ಟಿಗೆಗಳು. ಅವನು ಕೂಗಾಡಲಿಲ್ಲ. "ಹೋಗು ಅಂತೀನಿ, ಅನು. ಆದ್ರೆ ಮಂಜರೀನ ಯಾರು ನೋಡ್ಕೋತಾರೆ? ಹೊಸ ಊರು, ಅಲ್ಲಿ ಪದ್ಮ ಇರಲ್ಲ. ನಾನು ಆರು ಗಂಟೆಗೇ ಡ್ರೈವ್ ಮಾಡ್ಕೊಂಡು ಹೊರಡ್ಬೇಕು."

"ನಾನು ಹೋಗ್ದೇ ಇದ್ರೆ ಆಕೆ ಕೈಲಾಗಲ್ಲ ರೀ."

"ಅಷ್ಟು ದೊಡ್ಡ ಕಂಪನಿ ಅಂತೀಯ, ಅವರಿಗೆ ಇನ್ನೊಬ್ಬರು ಸಿಗಲ್ವಾ?"

ಸಿಗುವುದಿಲ್ಲವೆಂದು ಅನಸೂಯಳಿಗೆ ಗೊತ್ತಿತ್ತು. ಇನ್ನೊಬ್ಬರನ್ನು ಕೇಳಬೇಕಾದರೆ ಮರೆವಿನ ವಿಷಯ ಬಾಯಿಬಿಡಬೇಕಲ್ಲ. ಆದರೂ ಅವಳು ಹೋಗಲಿಲ್ಲ.

ಮಿಷಿಗನ್ನಿಗೆ ಬಂದ ಮೇಲೆ ದಿನವೂ ಲೊರೇನ್‌ಳ ಫೋನ್ ಬರುತ್ತಿತ್ತು. ಅನಸೂಯ ಸ್ಕ್ರಿಪ್ಟಿನ ಪ್ರತಿ ಹಿಡಿದು ಗಂಟೆಗಟ್ಟಲೆ ಮಾತು ಹೇಳಿಕೊಡುತ್ತಿದ್ದಳು. ಫೋನಿನಲ್ಲಿ ಎಲ್ಲವೂ ಸರಿಯಾಗಿ ಬರುತ್ತಿತ್ತು. ಕ್ಯಾಮೆರಾದ ಮುಂದೆ ಏನೂ ಬರುತ್ತಿರಲಿಲ್ಲ. ದೊಡ್ಡ ಹಲಗೆಗಳ ಮೇಲೆ ಬರೆದು ತೋರಿಸಿದರು. ಅವಳ ಕಣ್ಣು ಹಲಗೆಯ ಮೇಲೆ ಓಡುವುದು ಪರದೆಯಲ್ಲಿ ಕಂಡಿತು. ಹನ್ನೆರಡನೇ ದಿನ ಆ ಪಾತ್ರಕ್ಕೆ ಬೇರೆ ನಟಿ ಬಂದಳು. ಲೊರೇನ್ ಕುಡಿದು ಸೆಟ್ಟಿಗೆ ಬರುತ್ತಾಳೆಂದು ಪತ್ರಿಕೆಗಳು ಬರೆದವು.

ಅನಸೂಯ ತಾನೇ ಫೋನ್ ಮಾಡಿದಳು. "ನೀವು ಒಂದು ತೊಟ್ಟೂ ಮುಟ್ಟಲ್ಲ. ನಾನು ಪತ್ರಿಕೆಗೆ ಬರೀತೀನಿ."

"ಬರೀಬೇಡ," ಎಂದಳು ಲೊರೇನ್. "ಕುಡುಕಿ ಅನ್ಕೊಳ್ಳಲಿ. ಕುಡಿಯೋದು ಬಿಟ್ಟವರನ್ನ ಮತ್ತೆ ಕರೀತಾರೆ. ಮರೆಯೋರನ್ನ ಯಾರೂ ಕರೆಯಲ್ಲ."

ಅವಳನ್ನೂ ಯಾರೂ ಕರೆಯಲಿಲ್ಲ.

೧೯೭೭ರ ಒಂದು ದಿನ ಹತ್ತಿರದ ಸೌತ್‌ಫೀಲ್ಡಿನ ಡಿನ್ನರ್ ಥಿಯೇಟರೊಂದರ ಜಾಹೀರಾತಿನಲ್ಲಿ ಲೊರೇನ್‌ಳ ಹೆಸರು ಕಂಡಿತು, ಅದೂ ಕೆಳಗಡೆ ಸಣ್ಣ ಅಕ್ಷರದಲ್ಲಿ. ಅನಸೂಯ ಮಧ್ಯಾಹ್ನದ ಆಟಕ್ಕೆ ಒಬ್ಬಳೇ ಹೋದಳು. ಲೊರೇನ್‌ದು ಅಜ್ಜಿಯ ಪಾತ್ರ, ಇದ್ದದ್ದೇ ನಾಲ್ಕಾರು ಮಾತು. ಎರಡನೇ ದೃಶ್ಯದಲ್ಲಿ ಅವಳ ಉಸಿರು ತಡೆದದ್ದು ಅನಸೂಯಳಿಗೆ ಎಲ್ಲರಿಗಿಂತ ಮುಂಚೆ ಗೊತ್ತಾಯಿತು. ಅನಸೂಯಳ ತುಟಿ ತಾನಾಗಿ ತೆರೆಯಿತು. ಹೇಳಲು ಏನೂ ಇರಲಿಲ್ಲ. ಆ ನಾಟಕ ಅವಳು ಕೇಳಿಯೇ ಇರಲಿಲ್ಲ. ಸುತ್ತಲಿನ ಮೇಜುಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು. ಲೊರೇನ್‌ಳ ಎದುರು ಆಡುತ್ತಿದ್ದ ಹುಡುಗಿ ಆ ಮಾತನ್ನು ತಾನೇ ಹೇಳಿ ಮುಂದೆ ಸಾಗಿಸಿದಳು.

ಒಳಗೆ ಹೋದಾಗ ಲೊರೇನ್ ಕನ್ನಡಿಯ ಮುಂದೆ ಕೂತಿದ್ದಳು. ಗುರುತು ಹಿಡಿದಳು. "ಆನಾ, ನಿನಗೆ ಈ ನಾಟಕ ಗೊತ್ತಾ?"

"ಇಲ್ಲ."

"ನನಗೂ ಗೊತ್ತಿಲ್ಲ." ಕನ್ನಡಿಯಲ್ಲೇ ಅವಳನ್ನು ನೋಡಿ ಕೇಳಿದಳು, "ಆವತ್ತು ನೀನು ಬಂದಿದ್ರೆ ನಡೀತಿತ್ತು, ಅಲ್ವಾ?"

ಅನಸೂಯಳಿಗೆ ಸುಳ್ಳು ಹೇಳಲು ಆಗಲಿಲ್ಲ. "ಆ ಒಂದು ಪಿಕ್ಚರ್ ನಡೀತಿತ್ತು."

"ಆಮೇಲೆ?"

ಅನಸೂಯ ಅವಳ ಉಡುಪಿನ ಬೆನ್ನಿನ ಕೊಂಡಿಗಳನ್ನು ಬಿಚ್ಚತೊಡಗಿದಳು. ಮುಂದಿನ ವಾರ ಆ ಅಜ್ಜಿಯ ಪಾತ್ರವನ್ನೇ ನಾಟಕದಿಂದ ತೆಗೆದರು. ಲೊರೇನ್ ಒಹಾಯೋದಲ್ಲಿದ್ದ ತಂಗಿಯ ಮನೆಗೆ ಹೋದಳು. ಅನಸೂಯ ಬರೆದ ಎರಡು ಪತ್ರಗಳಿಗೆ ತಂಗಿಯಿಂದ ಒಂದು ಸಾಲಿನ ಉತ್ತರ ಬಂತು: ಈಗ ಅವಳಿಗೆ ಪತ್ರ ಓದಿಸುವುದರಿಂದ ಗೊಂದಲವಾಗುತ್ತದೆ, ದಯವಿಟ್ಟು ಬರೆಯಬೇಡಿ.

ಆ ವರ್ಷ, ಅವಳು ಪ್ರಾಂಪ್ಟರ್ ದ್ವಾರಕಾನಾಥರ ಮಗಳೆಂದು ತಿಳಿದು, ಅಲ್ಲಿನ ಕನ್ನಡ ಕೂಟದ ನಾಟಕಕ್ಕೆ ಪ್ರಾಂಪ್ಟಿಂಗ್ ಮಾಡಲು ಕೇಳಿಕೊಂಡು ಧಾರವಾಡ ಕಡೆಯ ಗುರುಲಿಂಗಪ್ಪ ಮನೆಗೇ ಬಂದರು. "ನಿಮ್ಮಂಗ ಹೇಳಿಕೊಡಾವ್ರು ಇಲ್ಲಿ ಯಾರದಾರ್ರೀ? ಇಲ್ಲ ಅನಬ್ಯಾಡ್ರಿ," ಎಂದರು.

"ಬೇರೆಯವರನ್ನ ನೋಡ್ಕೊಳ್ಳಿ," ಎಂದಳು ಅನಸೂಯ. "ಬೇಕಾದ್ರೆ ಐವತ್ತು ಜನಕ್ಕೆ ಅಡುಗೆ ಮಾಡ್ಕೊಡ್ತೀನಿ."

ನಾಟಕದ ದಿನ ಅವಳು ಶಾಲೆಯ ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತಿದ್ದಳು. ರಾಜನ ಪಾತ್ರದ ಶ್ರೀಧರ್ ಮಾತು ಮರೆತು ನಿಂತಾಗ ಜನ ಹೋ ಎಂದು ನಕ್ಕರು, ಅವನೂ ನಕ್ಕ. ಅನಸೂಯ ಎದ್ದು ಹೊರಗೆ ಹೋಗಿ ಕಾರಿನಲ್ಲಿ ಕೂತಳು. ಶೇಷಾದ್ರಿ ಬಂದು ಕಿಟಕಿ ತಟ್ಟಿ ಏನಾಯಿತೆಂದು ಕೇಳಿದ. ಏನಿಲ್ಲ, ಒಳಗೆ ಸೆಕೆ, ಎಂದಳು.