ರೈ ಹೊಲದ ಮಗಳಿಗೆ ಅಂಗಿ

ಸ್ತೊಖಿದ್ ನದಿಯ ಜೌಗಿನಂಚಿನ ಆ ಊರಲ್ಲಿ ಉಸ್ತೀನಾಳ ಮಗ್ಗದ ಸದ್ದು ಕೇಳದವರಿರಲಿಲ್ಲ. ಅವಳ ಕೈಗೆ ಬಂದರೆ ಅಗಸೆಯ ನಾರೂ ಬೆಣ್ಣೆ ಎನ್ನುತ್ತಿದ್ದರು. ಮದುವೆಯ ಮರುವರ್ಷ ಅವಳಿಗೊಂದು ಹೆಣ್ಣುಮಗು ಹುಟ್ಟಿತು. ಹಿಮದಲ್ಲಿ ದಾರಿ ಮುಚ್ಚಿಹೋಗಿ, ಪಾದ್ರಿ ಬರುವಷ್ಟರಲ್ಲಿ ಕೂಸು ಕಣ್ಣು ಮುಚ್ಚಿತು. ಜ್ಞಾನಸ್ನಾನವಿಲ್ಲ, ಹೆಸರಿಲ್ಲ, ಹಾಗಾಗಿ ಸ್ಮಶಾನದಲ್ಲಿ ಜಾಗವೂ ಇಲ್ಲ. ಗಂಡ ಲಾವ್ರಿನ್ ಅದನ್ನು ರೈ ಎಂಬ ಧಾನ್ಯ ಬೆಳೆಯುವ ಹೊಲದ ಬದುವಿನಲ್ಲಿ, ಬರ್ಚ್ ಮರದ ಬುಡದಲ್ಲಿ ಮಣ್ಣು ಮಾಡಿ ಬಂದ.

ಬೇಸಿಗೆಯ ಹಸಿರು ವಾರದ ಹಬ್ಬದಲ್ಲಿ, ಮುಳುಗಿ ಸತ್ತ ಹುಡುಗಿಯರೂ ಹೆಸರಿಲ್ಲದೆ ಸತ್ತ ಕೂಸುಗಳೂ ರುಸಾಲ್ಕಾಗಳಾಗಿ ನೀರಿನಿಂದೆದ್ದು ಬಂದು ಪೈರಿನಲ್ಲಿ ಓಡಾಡುತ್ತಾರೆ. ಅವರು ತುಳಿದಲ್ಲಿ ಬೆಳೆ ಹುಲುಸು, ಮುನಿದಲ್ಲಿ ಮುರುಟು; ಕೈಗೆ ಸಿಕ್ಕ ಗಂಡಸರಿಗೆ ಕಚಗುಳಿಯಿಟ್ಟು ನಿಲ್ಲದ ನಗು ಹತ್ತಿಸುತ್ತಾರೆ. ಬೆತ್ತಲೆ ಬಂದವರಿಗೆಂದು ಹೆಂಗಸರು ಮರಕ್ಕೆ ಬಟ್ಟೆ ಕಟ್ಟಿ, ತಿರುಗಿ ನೋಡದೆ ಮನೆ ಸೇರುತ್ತಾರೆ. ಆ ವರ್ಷ ಬಟ್ಟೆ ಕಟ್ಟಲು ಹೋದ ಉಸ್ತೀನಾಳಿಗೆ ನಡುಮಧ್ಯಾಹ್ನ, ಒಂದು ತೆನೆಯೂ ಅಲುಗದ ಪೈರಿನೊಳಗಿಂದ ಕೂಸಿನ ಅಳು ಕೇಳಿಸಿತು.

“ಹೆಸರು ಕೇಳ್ತಿದೆ ಕಣೇ,” ಎಂದಳು ಅತ್ತೆ ಪಲಾಝ್ಕಾ. “ಒಂದು ಬಟ್ಟೆ ಎಸೆದು ಹೆಸರು ಕೂಗಿಬಿಡು. ಬಿಡುಗಡೆಯಾಗತ್ತೆ, ಮತ್ತೆ ಅಳಲ್ಲ.”

“ಮತ್ತೆ ಕೇಳಿಸೋದೇ ಇಲ್ವಾ?”

“ಇಲ್ಲ.”

“ಎಸೀದೇ ಇದ್ರೆ?”

“ಏಳು ವರ್ಷ ಕಾಯತ್ತೆ. ಆಮೇಲೆ ಅದು ಹೊಲದ್ದು, ನಿಂದಲ್ಲ.”

ಅತ್ತೆಯೇ ಬಿಳಿ ಬಟ್ಟೆ ನೇಯ್ದು ಕೊಟ್ಟಳು. ಉಸ್ತೀನಾ ಪ್ರತಿ ಹಸಿರು ವಾರ ಅದನ್ನು ಎದೆಗವಚಿಕೊಂಡು ಹೋಗುವಳು, ಹಾಗೆಯೇ ವಾಪಸು ತರುವಳು. ಅಳು ತೊದಲಾಯಿತು, ತೊದಲು ನಗುವಾಯಿತು. ಬದುವಿನುದ್ದಕ್ಕೂ ಪುಟ್ಟ ಹೆಜ್ಜೆಗಳು ಅವಳ ಜೊತೆಗೇ ಓಡತೊಡಗಿದವು. ಮನೆಯಲ್ಲಿ ಮತ್ತೆ ತೊಟ್ಟಿಲು ಕಟ್ಟಲಿಲ್ಲ.

“ಎಸೆದ್ಯೇನೇ?”

“ಬರೋ ವರ್ಷ, ಅತ್ತೆ.”

ಏಳನೆಯ ವರ್ಷ ಪಲಾಝ್ಕಾ ಹಾಸಿಗೆ ಹಿಡಿದಿದ್ದಳು. “ಇದೇ ಕೊನೆ. ದೇವರಿಗೆ ಕೊಡು, ಇಲ್ಲಾ ಮಣ್ಣಿಗೆ ಕೊಡು. ಮಡಿಲಲ್ಲಿ ಇಟ್ಕೊಳ್ಳೋಕಂತೂ ಆಗಲ್ಲ,” ಎಂದಳು.

ಹೊಲದಲ್ಲಿ ಪೈರು ಇಬ್ಭಾಗವಾಗುತ್ತಾ ಬಂದು ಉಸ್ತೀನಾಳಿಂದ ಒಂದು ಮಾರು ದೂರದಲ್ಲಿ ನಿಂತಿತು. ಜೌಗುನೀರಿನ ವಾಸನೆ ಮೂಗಿಗೆ ಬಡಿಯಿತು. “ಅಮ್ಮಾ, ಹೆಸರು,” ಎಂದಿತು ಧ್ವನಿ. ಸೊಲೋಮಿಯಾ ಎಂಬ ಹೆಸರು ಉಸ್ತೀನಾಳ ನಾಲಿಗೆಯ ತುದಿಯವರೆಗೂ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು. ಬಿಳಿ ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿ, ಯಾರಿಗೂ ತಿಳಿಯದಂತೆ ಹೊಲಿದು ತಂದಿದ್ದ ಏಳು ವರ್ಷದವಳ ಅಂಗಿಯನ್ನು ಕೊಂಬೆಗೆ ತೂಗಿಹಾಕಿದಳು.

“ನೀನು ತಾಯಿಯಲ್ಲ ಕಣೇ, ಜಿಪುಣಿ,” ಎಂದು ಅತ್ತೆ ಗೋಡೆಯ ಕಡೆ ಮಗ್ಗುಲಾದಳು. ಸುಗ್ಗಿಗೆ ಮುಂಚೆ ತೀರಿಕೊಂಡಳು.

ಅಲ್ಲಿಂದ ಪ್ರತಿ ವರ್ಷ ಅಂಗಿ ಎರಡು ಬೆರಳು ಉದ್ದವಾಯಿತು. ಊರ ಮಕ್ಕಳ ಅಂಗಿಗೆ ಕೆಟ್ಟದ್ದು ಒಳಹೋಗದಿರಲೆಂದು ಕೊರಳಿಗೂ ತೋಳಿನ ತುದಿಗೂ ಕೆಂಪು ಕಸೂತಿ ಹಾಕುತ್ತಾರೆ. ಉಸ್ತೀನಾ ಈ ಅಂಗಿಗೆ ಹಾಕಲಿಲ್ಲ. ಹಾಕಿದರೆ ಮಗಳೇ ಅದರೊಳಗೆ ಹೋಗಲಾರಳಲ್ಲ! ಹಸಿರು ವಾರ ಬಂದಾಗ ಹಳೆಯ ಅಂಗಿ ಕೊಂಬೆಯಲ್ಲಿ ತೂಗುತ್ತಿರುತ್ತಿತ್ತು, ಅಂಚಿಗೆ ಪಾಚಿ ಹತ್ತಿರುತ್ತಿತ್ತು.

“ಮೊಣಕೈ ಹರ್ಕೊಂಡಿದ್ದಾಳೆ ನೋಡು, ನಮ್ಮಮ್ಮನ ಥರಾನೇ ಹಠಮಾರಿ,” ಎಂದು ಲಾವ್ರಿನ್ ನಗುತ್ತಲೇ ಕಣ್ಣೊರೆಸಿಕೊಂಡ. ಹೊಲದ ಆ ಮೂಲೆಯ ಬೆಳೆ ಊರಿನ ಕಣ್ಣು ಕುಕ್ಕುತ್ತಿತ್ತು.

ಮಗಳಿಗೆ ಹದಿನೇಳು ತುಂಬಬೇಕಾದ ವರ್ಷದ ಬೇಸಿಗೆಯಲ್ಲಿ ನೆರೆಮನೆಯ ತೊದೋಸ್ಕಾಳ ಮಗ ಯುಖಿಮ್ ಕಳೆದ ಕರುವನ್ನು ಹುಡುಕುತ್ತಾ ಆ ಪೈರಿಗಿಳಿದ. ಸಂಜೆ ಹೊರಬಂದವನ ಕೂದಲು ತೊಯ್ದು ತೊಟ್ಟಿಕ್ಕುತ್ತಿತ್ತು. ಅವನು ನಗುತ್ತಿದ್ದ. ಮೂಗು ಹಿಡಿದರೂ, ಹಾಸಿಗೆಗೆ ಕಟ್ಟಿದರೂ ನಗು ನಿಲ್ಲಲಿಲ್ಲ.

ಮರುದಿನ ತೊದೋಸ್ಕಾ ಬಾಗಿಲಿಗೆ ಬಂದು ನಿಂತಳು. “ನಿನ್ನ ಮಗಳನ್ನ ಕರ್ಕೋ, ಉಸ್ತೀನಾ. ನನ್ನ ಮಗನನ್ನ ಬಿಡ್ಸು.”

ಉಸ್ತೀನಾ ಪೆಟ್ಟಿಗೆಯ ತಳದಿಂದ ಅತ್ತೆ ನೇಯ್ದಿದ್ದ, ಈಗ ಹಳದಿಗಟ್ಟಿದ ಬಟ್ಟೆ ತೆಗೆದುಕೊಂಡು ಹೊಲಕ್ಕೆ ಹೋದಳು. ಬಿಸಿಲು ನೆತ್ತಿಯ ಮೇಲಿತ್ತು. ಬಟ್ಟೆಯನ್ನು ಪೈರಿಗೆಸೆದು, ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದಳು: “ಸೊಲೋಮಿಯಾ!”

ಪೈರಿನೊಳಗೆ ಹಲವು ಹುಡುಗಿಯರು ಒಟ್ಟಿಗೆ ನಕ್ಕರು. ಅವರಲ್ಲೊಬ್ಬಳು ಅವಳ ಕಿವಿಯ ಹತ್ತಿರವೇ, ಒಳ್ಳೆಯ ಮಾತಿನಲ್ಲೇ ಕೇಳಿದಳು:

“ಯಾರನ್ನ ಕರೀತಿದ್ದೀಯಮ್ಮಾ? ಆ ಹೆಸರಿನೋರು ಇಲ್ಲಿಲ್ಲ.”

ಬಟ್ಟೆ ಅವಳ ಕಾಲ ಬಳಿಗೇ ವಾಪಸು ಬಂದು ಬಿತ್ತು, ಅಚ್ಚುಕಟ್ಟಾಗಿ ಮಡಚಿಕೊಂಡು.

ಯುಖಿಮ್‌ನ ನಗು ಮೊದಲ ಹಿಮ ಬಿದ್ದ ದಿನ ತಾನಾಗಿ ನಿಂತಿತು. ಆಮೇಲೆ ಅವನು ಹೆಚ್ಚು ಮಾತಾಡಿದ್ದನ್ನು ಯಾರೂ ಕೇಳಲಿಲ್ಲ. ತೊದೋಸ್ಕಾ ಉಸ್ತೀನಾಳ ಅಂಗಳ ತುಳಿಯಲಿಲ್ಲ.

ಹೆಸರು ಕೂಗಿದ ಆ ದಿನ ಹೊಲದಿಂದ ಬಂದ ಉಸ್ತೀನಾ ಉಣ್ಣಲಿಲ್ಲ, ಅಳಲೂ ಇಲ್ಲ. ಮಗ್ಗದ ಮುಂದೆ ಕುಳಿತು ಬರುವ ವರ್ಷದ ಅಂಗಿಗೆ ನೂಲು ಹಾಸತೊಡಗಿದಳು.

“ಸಿಕ್ಕಿದ್ಲಾ?” ಎಂದ ಲಾವ್ರಿನ್, ಹೊಸ್ತಿಲಲ್ಲೇ ನಿಂತು.

“ಚೆನ್ನಾಗಿದ್ದಾಳೆ,” ಎಂದಳು ಉಸ್ತೀನಾ. “ಧ್ವನಿ ಬಲಿತಿದೆ. ನಂಗೇ ಗುರುತು ಸಿಗಲಿಲ್ಲ.”