ಜರ್ಮನ್ ಕಾರು, ಜಪಾನಿ ಕಾರು ಮತ್ತು ನನ್ನ ಹೊಟ್ಟೆಕಿಚ್ಚು

ಕಳೆದ ರವಿವಾರ ನನ್ನ ಗಂಡನ ಕಾರನ್ನು ಮೊದಲ ಸಲ ಓಡಿಸಿದೆ. ಅವರಿದ್ದಿದ್ದರೆ ಕೀಲಿ ಕೊಡುತ್ತಿರಲಿಲ್ಲ.

ಅದು ಹಳೆಯ ಜಪಾನಿ ಸ್ಪೋರ್ಟ್ಸ್ ಸೆಡಾನ್. ಹುಮನಾಬಾದಿನಲ್ಲಿ ಅವರ ಗೆಳೆಯ ಶಿವರಾಜ ಅವರ ಬಳಿ ಅದೇ ಕಾಲದ ಜರ್ಮನ್ ಕಾರಿದೆ. ಯಾವುದು ಮೇಲು? ವರ್ಷಗಟ್ಟಲೆ ಇಬ್ಬರದೂ ಇದೊಂದೇ ವಾದ. (ಬಡಿಸಿದ ಊಟ ಎಷ್ಟು ಸಲ ಆರಿಹೋಗಿದೆಯೋ.) ವಾದ ಮುಗಿಯುವ ಮೊದಲೇ, ಹೋದ ಚಳಿಗಾಲದಲ್ಲಿ, ನಮ್ಮವರು ತೀರಿಕೊಂಡರು.

ಈಗ ಹಳೆಯ ಕಾರು ಸಂಗ್ರಹಿಸುವ ಖಾನ್ ಸಾಹೇಬರು ಎರಡನ್ನೂ ನೋಡಲು ಹೈದರಾಬಾದಿನಿಂದ ಬಂದಿದ್ದರು. ಕೊಂಡು ಒಯ್ಯುವುದು ಮಾತ್ರ ಒಂದನ್ನೇ. ಬಸವಕಲ್ಯಾಣದಿಂದ ಹುಮನಾಬಾದಿನವರೆಗೂ ನನಗಿದ್ದದ್ದು ಒಂದೇ ಹಟ: ನಮ್ಮದು ಗೆಲ್ಲಬೇಕು. ನೀವು ನಗಬಹುದು.

ಹೈವೇ ಪಕ್ಕದ ಧಾಬಾದ ಮುಂದೆ ಎರಡೂ ನಿಂತವು. ಖಾನ್ ಸಾಹೇಬರು ಒಂದೊಂದನ್ನೇ ಓಡಿಸಿ ಬಂದರು.

“ಜಪಾನಿದು ಇಂಜಿನ್ ಹಗೂರ ಅದ, ಖುಷೀಲೆ ಓಡ್ತದ. ಖರೇ ಜರ್ಮನ್ ಗಾಡಿ ಟರ್ನಿಂಗದಾಗ ರೋಡ್ ಹಿಡಕೊಂಡು ಕೂಡ್ತದ. ಓಡಸ್ಲಿಕ್ಕ ಅದೇ ಛಲೋ.”

ಶಿವರಾಜರ ಹೆಂಡತಿ ಮಹಾನಂದಾ ನಕ್ಕರು. ನನಗೆ ಕೈಯಲ್ಲಿದ್ದ ಚಹಾ ಸೇರಲಿಲ್ಲ.

“ಆದ್ರ ಇದರ ಬಣ್ಣಾ ಯಾಕ ಬದಲಿ ಮಾಡೀರಿ?” ಎಂದರು ಖಾನ್ ಸಾಹೇಬರು, ಜರ್ಮನ್ ಕಾರಿನ ಕಡೆ ತಿರುಗಿ.

“ಇಕೀಗಿ ಬೂದಿ ಬಣ್ಣ ಸೇರಲಿಲ್ರಿ,” ಎಂದರು ಶಿವರಾಜ. “ಸೀಟ್ ಕವರೂ ಇಕೀನೇ ಹೊಲಿಸ್ಯಾಳ.”

“ಎಲ್ಲಾ ನನ್ನ ಮ್ಯಾಲ ಹಾಕ್ರಿ,” ಎಂದರು ಮಹಾನಂದಾ.

ಖಾನ್ ಸಾಹೇಬರು ತಲೆಯಾಡಿಸಿದರು. ಸಂಗ್ರಹದ ಕಾರು ಕಂಪನಿಯಿಂದ ಬಂದ ಹಾಗೆಯೇ ಇರಬೇಕಂತೆ. ನಮ್ಮದರಲ್ಲಿ ಬಣ್ಣ, ಸೀಟು, ಕ್ಯಾಸೆಟ್ ಪ್ಲೇಯರ್ ಎಲ್ಲ ಮೊದಲಿನವೇ.

“ಇದಕ್ಕ ಯಾರೂ ಕೈ ಹಚ್ಚಿಲ್ಲ ನೋಡ್ರಿ. ಇದನ್ನೇ ಒಯ್ತೀನಿ.”

ಹೌದು, ಯಾರೂ ಕೈ ಹಚ್ಚಿಲ್ಲ. ನಾನೊಮ್ಮೆ ಹಿಂದಿನ ಸೀಟಿನಲ್ಲಿ ಒಂದು ದಿಂಬು ಇಟ್ಟಿದ್ದೆ. ಸಂಜೆಯ ಹೊತ್ತಿಗೆ ಅದು ಮನೆಯೊಳಗಿತ್ತು. ಮಹಾನಂದಾ ಇಡೀ ಕಾರನ್ನೇ ಕೆಡಿಸಿದ್ದಾರೆ. ಕೆಡಿಸಲು ಬಿಟ್ಟ ಗಂಡ ಪಕ್ಕದಲ್ಲೇ ನಿಂತಿದ್ದಾರೆ. ಒಬ್ಬ ಹೆಂಗಸಿಗೆ ಇಷ್ಟೆಲ್ಲ ಯಾಕೆ ಸಿಗಬೇಕು?

ಕೀಲಿ ಕೊಟ್ಟೆ. ನಮ್ಮ ಕಾರು ಹೈದರಾಬಾದಿನ ದಾರಿ ಹಿಡಿಯಿತು.

“ಬರ್ರಿ ವೈನಿ, ಮನೀತನಾ ಬಿಟ್ಟು ಬರ್ತೀವಿ,” ಎಂದರು ಶಿವರಾಜ.

ಹಿಂದಿನ ಸೀಟಿನಲ್ಲಿ ಕೂತೆ. ಮುಂದೆ ಇಬ್ಬರೂ ಶುರು ಮಾಡಿದರು.

“ನಿನ್ನ ಕವರಿನಿಂದ ಸೋತೀವಿ.”

“ಸೋತಿದ್ದಕ್ಕ ಗಾಡಿ ಉಳೀತು. ಇಲ್ಲಂದ್ರ ಈಗ ನಾವಿಬ್ರೂ ಬಸ್ಸಿಗಿ ನಿಲ್ತಿದ್ದಿವಿ.”

“ಹ್ಯಾಂಗ ಮಾತಾಡಾಕತ್ತಾಳ ನೋಡ್ರಿ ವೈನಿ.”

ರಾಜೇಶ್ವರ ದಾಟಿದರೂ ಜಗಳ ನಿಲ್ಲಲಿಲ್ಲ. ಒಂದು ಮಾತೂ ಬಿಡದೆ ಕೇಳಿಸಿಕೊಂಡೆ, ಮುಖ ಮಾತ್ರ ಕಿಟಕಿಯ ಕಡೆಗಿತ್ತು.

ಅಷ್ಟು ವರ್ಷದ ವಾದದಲ್ಲಿ ಕೊನೆಗೂ ನಮ್ಮವರೇ ಗೆದ್ದರು. ಈ ಸುದ್ದಿಯನ್ನು ಮನೆಗೆ ಹೋಗಿ ಯಾರಿಗೆ ಹೇಳಲಿ?